ಗೇಟು ಮುಚ್ಚುವ ದಿನ

ಸುದ್ದಿ ಬಂದಾಗ ಅವರು ಕನ್ನಡಿಯ ಮುಂದೆ ನಿಂತು ಭಾಷಣ ಮಾಡುತ್ತಿದ್ದರು. ದೂರದಾರಿ ಸಂರಕ್ಷಣಾ ಸಂಘದ ವಾರ್ಷಿಕ ಸಭೆಗೆ ಇನ್ನೂ ಬೇಕಾದಷ್ಟು ದಿನಗಳಿದ್ದವು. ಆದರೆ ಅಧ್ಯಕ್ಷರಾದವರು ತಯಾರಿಯಿಲ್ಲದೆ ಮಾತಾಡಬಾರದೆಂಬುದು ಅವರ ನಿಯಮ, ಕನ್ನಡಿಯಿಲ್ಲದೆ ತಯಾರಿಯಾಗುವುದಿಲ್ಲವೆಂಬುದು ಅವರ ಅನುಭವ. ‘ಈ ದಾರಿಯನ್ನು ನಾವು ಮುಂದಿನ ಪೀಳಿಗೆಯಿಂದ ಕೈಗಡ ತಂದಿದ್ದೇವೆ’ ಎಂದು ಹೇಳಿ ಬಲಗೈಯನ್ನು ಮೇಲೆತ್ತಿ, ಎತ್ತಿದ ಕೈಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ನಿಂತಿದ್ದಾಗ ಹಜಾರದಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ ಎತ್ತಿಕೊಂಡಳು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಕೋಣೆಯ ಬಾಗಿಲಲ್ಲಿ ಬಂದು ನಿಂತು, ಬೆಟ್ಟದ ಮೇಲಿನ ಹುಲ್ಲುಗಾವಲಿನವನು, ಅಂದರೆ ಕುರಿ ಸಾಕಿಕೊಂಡಿದ್ದ ಅವರ ಗೆಳೆಯ, ಸಂಘದವರೆಲ್ಲ ಬೀಗಪ್ಪನೆಂದು ಕರೆಯುತ್ತಿದ್ದವನು, ಬೆಳಿಗ್ಗೆ ದೊಡ್ಡಿಯಲ್ಲಿ ಕುಳಿತಲ್ಲೇ ಹೋಗಿಬಿಟ್ಟನಂತೆ ಎಂದು ಹೇಳಿದಳು. ಅವನ ಮಗಳು ಫೋನು ಮಾಡಿದ್ದಳು. ಅಧ್ಯಕ್ಷರ ಕೈ ಇನ್ನೂ ಮೇಲೆಯೇ ಇತ್ತು. ಕನ್ನಡಿಯಲ್ಲಿ ನೋಡಿದರೆ ಯಾರನ್ನೋ ಹರಸುತ್ತಿರುವವರ ಹಾಗೆ, ಇಲ್ಲವೇ ಬಸ್ಸು ನಿಲ್ಲಿಸಲು ಹೊರಟವರ ಹಾಗೆ ಕಾಣುತ್ತಿದ್ದರು. ಆ ಗಳಿಗೆಯಲ್ಲಿ ಅವರ ಮನಸ್ಸಿಗೆ ಮೊದಲು ಬಂದ ಮಾತನ್ನು ದೇವರೊಬ್ಬನೇ ಕೇಳಿಸಿಕೊಂಡ, ಸದ್ಯ, ಹೆಂಡತಿಗೆ ಕೇಳಿಸಲಿಲ್ಲ. ಹಾಗಾದರೆ ಈ ವರ್ಷ ಗೇಟು ಮುಚ್ಚುವವರು ಯಾರೂ ಇಲ್ಲ, ಎಂದುಕೊಂಡಿದ್ದರು ಅವರು.

ಅಳು ಆಮೇಲೆ ಬಂತು. ಸುಳ್ಳು ಅಳುವಲ್ಲ. ಮಂಚದ ಮೇಲೆ ಕುಳಿತು ಚಿಕ್ಕ ಹುಡುಗರಂತೆ ಅತ್ತರು, ಹೆಂಡತಿ ಬೆನ್ನು ಸವರಿದಳು, ಕನ್ನಡಕ ಒರೆಸಿ ಕೊಟ್ಟಳು. ಆದರೆ ಅಳು ಎರಡನೆಯದಾಗಿ ಬಂದಿತ್ತು. ಅಷ್ಟು ವರ್ಷ ಪಕ್ಕದಲ್ಲಿ ಕುಳಿತು ಬಿಸಿ ಹಾಲು ಕುಡಿದ ಗೆಳೆಯನಿಗಿಂತ ಒಂದು ಕಬ್ಬಿಣದ ಗೇಟು ಮುಂದೆ ಓಡಿಬಂದು ಜಾಗ ಹಿಡಿದಿತ್ತು. ಇಂಥ ವಿಷಯಗಳಲ್ಲಿ ಅಧ್ಯಕ್ಷರು ತಮ್ಮ ಮೇಲೆ ತಾವೇ ವಿಚಾರಣೆ ನಡೆಸುವುದರಲ್ಲಿ ಪಳಗಿದವರು. ವಿಚಾರಣೆ ನಡೆಸುತ್ತಿದ್ದರು, ತಪ್ಪಿತಸ್ಥರೆಂದು ತೀರ್ಮಾನ ಕೊಡುತ್ತಿದ್ದರು, ಆಮೇಲೆ ವಯಸ್ಸನ್ನು ನೋಡಿ ಬಿಟ್ಟುಬಿಡುತ್ತಿದ್ದರು.

ಸಮುದ್ರದ ದಂಡೆಯಿಂದ ಹಿಮದ ಬೆಟ್ಟಗಳವರೆಗೆ ತಿಂಗಳುಗಟ್ಟಲೆ ನಡೆಯಬಹುದಾದ ಆ ಕಾಲುದಾರಿ ಕಾಡಿನಲ್ಲಿ, ಹೊಳೆಯ ಬದಿಯಲ್ಲಿ, ಸರಕಾರಿ ಜಾಗದಲ್ಲಿ ಸುಖವಾಗಿ ಸಾಗಿ, ಒಂದು ಕಡೆ ಬಂದು ಬೀಗಪ್ಪನ ಹುಲ್ಲುಗಾವಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಎಡಕ್ಕೆ ಪ್ರಪಾತ, ಬಲಕ್ಕೆ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಜೌಗು. ಮೇಲೆ ಎರಡು ಬೆಟ್ಟಗಳ ನಡುವಿನ ಕಣಿವೆಗೆ ಹತ್ತಬೇಕಾದರೆ ಅವನ ಗೇಟನ್ನೇ ದಾಟಬೇಕು. ಆ ಗೇಟು ಇಲ್ಲವೆಂದಾದರೆ ಒಂದು ಉದ್ದದ ದಾರಿ ಹೋಗಿ ಎರಡು ಮೊಂಡು ದಾರಿಗಳಾಗುತ್ತವೆ. ಕಾನೂನು ಹೀಗಿತ್ತು: ಜನ ಓಡಾಡುವ ದಾರಿ ಯಾರದೋ ಜಮೀನಿನಲ್ಲಿ ಹಾದುಹೋದರೆ, ಮಾಲೀಕನು ವರ್ಷದಲ್ಲಿ ಒಂದು ದಿನ, ಸ್ವಲ್ಪ ಹೊತ್ತಾದರೂ, ಅದನ್ನು ಮುಚ್ಚಬೇಕು. ಒಂದು ವರ್ಷ ಪೂರ್ತಿ ಮುಚ್ಚದೆ ಬಿಟ್ಟನೋ, ದಾರಿ ಎಂದೆಂದಿಗೂ ಜನರದ್ದು. ಬೀಗಪ್ಪ ಮುಚ್ಚುತ್ತಿದ್ದ. ಬೇರೆ ದಿನಗಳನ್ನೆಲ್ಲ ಬಿಟ್ಟು, ಕಾನೂನಿನ ವರ್ಷ ಮುಗಿಯುವ ಕಟ್ಟಕಡೆಯ ದಿನವೇ ಮುಚ್ಚುತ್ತಿದ್ದ. ಅಲ್ಲಿಯವರೆಗೂ ಸಂಘದವರ ಎದೆ ಆಸೆಯಿಂದ ಹೊಡೆದುಕೊಳ್ಳುತ್ತಿರಲಿ ಎಂದು ಹಾಗೆ ಮಾಡುತ್ತಿದ್ದನೆಂಬುದರಲ್ಲಿ ಅಧ್ಯಕ್ಷರಿಗೆ ಸಂಶಯವಿರಲಿಲ್ಲ. ಆ ದಿನ ಅಧ್ಯಕ್ಷರು ಬೆಟ್ಟ ಹತ್ತಿ ಹೋಗಿ ಗೇಟಿನ ಹೊರಗೆ ನಿಲ್ಲಬೇಕು. ಒಳಗಿನಿಂದ ಅವನು, ಯಾರು ಬೇಕಾಗಿತ್ತು ಎಂದು ಕೇಳುವನು. ದಾರಿ ಬೇಕಾಗಿತ್ತು ಎನ್ನಬೇಕು. ಯಾರ ದಾರಿ ಎಂದರೆ, ನಿನ್ನ ದಾರಿ ಎನ್ನಬೇಕು. ‘ಇನ್ನೊಂಚೂರು ಜೋರಾಗಿ ಹೇಳಿ ಅಧ್ಯಕ್ಷರೇ, ಕುರಿಗಳಿಗೂ ಕೇಳಿಸ್ಲಿ.’ ಕುರಿಗಳಿಗೂ ಕೇಳಿಸುವ ಹಾಗೆ ಹೇಳಿದ ಮೇಲೆ, ಸಂಜೆ ಇಳಿಬಿಸಿಲಿನಲ್ಲಿ ಜೇಬಿನಿಂದ ಕೀಲಿ ತೆಗೆದು ಸರಪಣಿ ಬಿಚ್ಚಿ, ಇನ್ನೊಂದು ವರ್ಷ ಓಡಾಡ್ಕೊಳ್ಳಿ ಎನ್ನುವನು. ದೊಡ್ಡ ದೊಡ್ಡ ಸಭೆಗಳಲ್ಲಿ ಹಾರ ಹಾಕಿಸಿಕೊಂಡವರನ್ನು ಒಬ್ಬ ಕುರಿಗಾರ ಹೀಗೆ ಕುರಿಗಳ ಮುಂದೆ ಕುಣಿಸುತ್ತಿದ್ದ. ವರ್ಷವೆಲ್ಲ ಅದನ್ನು ಅವಮಾನವೆಂದು ಎಣಿಸುತ್ತಿದ್ದ ಅಧ್ಯಕ್ಷರು ಆ ದಿನ ಹತ್ತಿರ ಬಂದರೆ ಮಾತ್ರ ಬೂಟಿಗೆ ಎಣ್ಣೆ ಹಚ್ಚಿ ಬಾಗಿಲ ಹತ್ತಿರ ಇಟ್ಟುಕೊಳ್ಳುತ್ತಿದ್ದರು.

ಪ್ರತಿ ಬೆಳಿಗ್ಗೆ ಪ್ರಾರ್ಥನೆ ಮಾಡದೆ ಅವರು ನೀರೂ ಕುಡಿಯುತ್ತಿರಲಿಲ್ಲ. ಆ ಪ್ರಾರ್ಥನೆಯಲ್ಲಿ ಎಲ್ಲರಿಗೂ ಒಂದೊಂದು ಸಾಲು ಮೀಸಲಿತ್ತು: ಹೆಂಡತಿಯ ಬೆನ್ನುನೋವಿಗೆ ಒಂದು, ಮೊಮ್ಮಗಳ ಪರೀಕ್ಷೆಗೆ ಒಂದು, ಲೋಕದ ಕ್ಷೇಮಕ್ಕೆ ಒಂದು. ಕೆಲವು ವರ್ಷಗಳಿಂದ ಅದರ ಬಾಲಕ್ಕೆ, ತಮಗೇ ಕೇಳಿಸದಷ್ಟು ಮೆಲ್ಲಗೆ, ಇನ್ನೊಂದು ಸಾಲು ಸೇರಿಕೊಂಡಿತ್ತು. ಈ ವರ್ಷ ಅವನಿಗೆ ಗೇಟಿನ ನೆನಪು ಬಾರದಿರಲಿ, ಸ್ವಾಮಿ. ಎಷ್ಟು ಸಣ್ಣ ಬೇಡಿಕೆ! ಒಬ್ಬ ಮುದುಕನಿಗೆ ಒಂದು ದಿನದ ಮರೆವು. ದೇವರು ಕೊಟ್ಟ. ಕೇಳಿದ್ದಕ್ಕಿಂತ ಧಾರಾಳವಾಗಿ, ಎಲ್ಲ ದಿನಗಳ ಮರೆವನ್ನೂ ಕೊಟ್ಟುಬಿಟ್ಟ. ಹಾಗೆಲ್ಲ ದೇವರು ತಮ್ಮ ಮಾತು ಕೇಳಿಕೊಂಡು ಕೆಲಸ ಮಾಡುವವನಲ್ಲ, ಅಷ್ಟು ದೊಡ್ಡ ಮನುಷ್ಯ ತಾನಲ್ಲ ಎಂದು ಅವರು ತಮಗೇ ಬುದ್ಧಿ ಹೇಳಿಕೊಂಡರು. ಕೊಲೆಗಾರನಾಗುವುದಕ್ಕೂ ಯೋಗ್ಯತೆ ಬೇಕು. ಆದರೂ ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಕುಳಿತಾಗ ನಾಲಿಗೆ ಎಲ್ಲ ಸಾಲುಗಳನ್ನೂ ದಾಟಿಕೊಂಡು ಅಭ್ಯಾಸಬಲದಿಂದ ಆ ಕಡೆಯ ಸಾಲಿನವರೆಗೆ ಹೋಗಿ, ಬಾಗಿಲು ಕಾಣದೆ ಗೋಡೆಗೆ ಡಿಕ್ಕಿ ಹೊಡೆದ ಹಾಗೆ ನಿಂತಿತು.

ಮಣ್ಣು ಮಾಡುವ ದಿನ ಅವರಿಂದ ಇನ್ನೊಂದು ಅನಾಹುತವಾಯಿತು. ಹಿರಿಯರು, ಗೆಳೆಯರು, ಎರಡು ಮಾತು ಹೇಳಲಿ ಎಂದು ಯಾರೋ ಮುಂದಕ್ಕೆ ತಳ್ಳಿದರು. ಕಣ್ಣು ತುಂಬಿತ್ತು, ಹೇಳಬೇಕಾದ್ದೆಲ್ಲ ಎದೆಯಲ್ಲಿತ್ತು. ಬಾಯಿ ತೆರೆದರೆ ಬಂದದ್ದು ಕನ್ನಡಿಯ ಮುಂದಿನ ಭಾಷಣ. ಮುಂದಿನ ಪೀಳಿಗೆ ಎಂಬ ಮಾತು ಹೊರಬಿದ್ದಾಗ ಅವರಿಗೇ ಗಾಬರಿಯಾಯಿತು. ಆದರೆ ವಾಕ್ಯ ಒಮ್ಮೆ ಹೊರಟರೆ ನಿಲ್ಲಿಸುವ ಬ್ರೇಕು ಅವರಲ್ಲಿರಲಿಲ್ಲ. ನಮ್ಮ ಸಂಘದ ಧ್ಯೇಯೋದ್ದೇಶಗಳು ಎನ್ನುವವರೆಗೂ ಹೋಗಿಯೇ ನಿಂತಿತು. ಬಲಗೈ ಕೂಡ ಎದ್ದಿತ್ತೆಂದು ಹೆಂಡತಿ ಆಮೇಲೆ ಹೇಳಿದಳು. ಬೀಗಪ್ಪನ ಮಗಳು ಅವರನ್ನೇ ನೋಡುತ್ತಿದ್ದಳು. ಪಟ್ಟಣದಲ್ಲಿ ಬಸ್ಸು ಓಡಿಸುವವಳು. ಹಿಂದಿನ ಸೀಟಿನಲ್ಲಿ ಗಲಾಟೆ ಮಾಡುವವನನ್ನು ಕನ್ನಡಿಯಲ್ಲಿ ಗಮನಿಸುವ ಹಾಗೆ, ಸಿಟ್ಟಿಲ್ಲದೆ, ಮರೆಯದೆ ನೋಡುತ್ತಿದ್ದಳು. ಅವಳ ಗಂಡನ ಕಡೆಯವರು ಯಾರೋ, ಇನ್ನು ಇದನ್ನೆಲ್ಲ ಮಾರಿಬಿಡೋದೇ ಒಳ್ಳೇದು, ಬೇಲಿ ಹಾಕಿ ಹೋಟೆಲು ಕಟ್ಟೋರು ಈಗಾಗ್ಲೇ ಕೇಳ್ತಿದಾರೆ ಎಂದು ಪಕ್ಕದಲ್ಲೇ ಪಿಸುಗುಟ್ಟಿದ್ದು ಅಧ್ಯಕ್ಷರ ಕಿವಿಗೆ ಬಿತ್ತು. ಕಿವುಡಾಗುತ್ತಿದ್ದ ಆ ಎಡಕಿವಿಗೆ ಅಂಥದ್ದೆಲ್ಲ ಚೆನ್ನಾಗಿ ಕೇಳಿಸುತ್ತಿತ್ತು.

ಸಂಘದ ವಕೀಲರು ಕಿರಿಯ ವಯಸ್ಸಿನವರು, ಚುರುಕು, ಎಂದೂ ಕುಳಿತು ಮಾತಾಡಿದವರಲ್ಲ. ಸಮಿತಿಯ ಕೋಣೆಯಲ್ಲಿ ಮೇಜಿನ ಅಂಚಿಗೆ ಒರಗಿ ಅವರು ವಿಷಯವನ್ನು ಬಿಡಿಸಿಟ್ಟರು. ಮಗಳಿಗೆ ಗೇಟಿನ ಸಂಗತಿ ಗೊತ್ತಿದ್ದಂತಿಲ್ಲ. ವರ್ಷದ ಕಡೆಯ ದಿನ ಬರುವ ವಾರವೇ. ಅದು ಹಾಗೇ ಕಳೆದುಹೋದರೆ ಆಮೇಲೆ ಅವಳು ಯಾರಿಗೆ ಮಾರಿದರೂ, ಎಂಥ ಬೇಲಿ ಹಾಕಿದರೂ ದಾರಿಯನ್ನು ಮುಟ್ಟುವ ಹಾಗಿಲ್ಲ. ‘ನೀವು ಏನೂ ಮಾಡ್ಬೇಡಿ ಸಾರ್. ಏನೂ ಮಾಡ್ದೆ ಸುಮ್ನಿರೋದೇ ಈಗ ಕೆಲಸ’ ಎಂದರು. ಎಲ್ಲರೂ ಅಧ್ಯಕ್ಷರ ಕಡೆ ನೋಡಿದರು. ಈ ಕೆಲಸಕ್ಕೆ ಇವರಿಗಿಂತ ಅನುಭವಸ್ಥರು ಯಾರಿದ್ದಾರೆ ಎಂಬ ಹಾಗೆ ಆ ನೋಟವಿತ್ತು, ಅಥವಾ ಇತ್ತೆಂದು ಅಧ್ಯಕ್ಷರಿಗೆ ಅನ್ನಿಸಿತು. ಮಂಡಿ ಕೆಟ್ಟ ಮೇಲೆ, ಆ ಒಂದು ದಿನವನ್ನು ಬಿಟ್ಟರೆ, ಅವರು ದಾರಿಯ ಮೇಲೆ ಕಾಲಿಟ್ಟೇ ಇರಲಿಲ್ಲ. ದಾರಿಯನ್ನು ರಕ್ಷಿಸುವುದಕ್ಕೆ ಅದರ ಮೇಲೆ ನಡೆಯಬೇಕೆಂದೇನೂ ಇಲ್ಲ ಎಂದು ಒಂದು ಭಾಷಣದಲ್ಲಿ ಹೇಳಿಯೂ ಇದ್ದರು, ಚಪ್ಪಾಳೆಯೂ ಬಿದ್ದಿತ್ತು. ಅವರು ತಲೆಯಾಡಿಸಿದರು. ವಕೀಲರು ಹೇಳಿದ್ದರಲ್ಲಿ ತಪ್ಪೇನಿತ್ತು? ಸುಳ್ಳು ಹೇಳಬೇಕಾಗಿರಲಿಲ್ಲ, ಯಾರ ಸಹಿಯನ್ನೂ ಪಡೆಯಬೇಕಾಗಿರಲಿಲ್ಲ. ಇನ್ನೂ ಹುಟ್ಟಬೇಕಾದ ಮಕ್ಕಳು ಬೆನ್ನಿಗೆ ಚೀಲ ಕಟ್ಟಿಕೊಂಡು ಹಾಡುತ್ತ ಆ ಹುಲ್ಲುಗಾವಲಿನಲ್ಲಿ ಹೋಗುವ ಚಿತ್ರ ಕಣ್ಣಿಗೆ ಬಂತು. ಆ ಮಕ್ಕಳೆಲ್ಲ ಅವರ ಕಡೆಗೆ ತಿರುಗಿ ಕೈಬೀಸಿದರು. ಇಂಥ ಚಿತ್ರಗಳಲ್ಲಿ ಯಾವಾಗಲೂ ತಾವೂ ಒಂದು ಮೂಲೆಯಲ್ಲಿ ನಿಂತಿರುತ್ತೇವೆಂಬುದನ್ನು ಅವರು ಗಮನಿಸಿದರು. ಗಮನಿಸಿದ್ದಕ್ಕಾಗಿ ತಮ್ಮನ್ನು ಕೊಂಚ ಮೆಚ್ಚಿಕೊಂಡರು.

ಆ ದಿನ ಬಂತು. ಏನೂ ಮಾಡದೆ ಕುಳಿತುಕೊಳ್ಳುವುದು ಅವರಂದುಕೊಂಡಷ್ಟು ಸುಲಭವಿರಲಿಲ್ಲ. ಕುರ್ಚಿಯಲ್ಲಿ ಕುಳಿತರು, ಎದ್ದರು, ಕಿಟಕಿಯ ಪರದೆ ಸರಿಸಿದರು. ಕಡೆಗೆ ಹೆಂಡತಿಯೇ, ಒಂದೋ ಹೊರಗೆ ಹೋಗಿ, ಇಲ್ಲ ಒಂದು ಕಡೆ ಕೂತ್ಕೊಳ್ಳಿ, ನೆಲ ಸವೆದುಹೋಗುತ್ತೆ ಎಂದಳು. ಸ್ವಲ್ಪ ಗಾಳಿಗೆ ಹೋಗಿಬರುತ್ತೇನೆಂದು ಅವರು ಬೂಟು ಹಾಕಿಕೊಂಡರು. ಗಾಳಿಗೆ ಹೋಗಲು ಬೆಟ್ಟದ ಬೂಟು ಯಾಕೆಂದು ಅವಳು ಕೇಳಲಿಲ್ಲ. ರೊಟ್ಟಿ ಸುತ್ತಿಕೊಟ್ಟಳು, ಮಂಡಿಗೆ ಪಟ್ಟಿ ಕಟ್ಟಿಕೊಳ್ಳಿ ಎಂದಳು, ಅಷ್ಟೆ. ಸುಮ್ಮನೆ ನೋಡಿಬರುವುದು, ದೂರದಿಂದ, ಎಂದು ಬಸ್ಸಿನಲ್ಲಿ ಅಂದುಕೊಂಡರು. ಬೆಟ್ಟದ ಬುಡದಲ್ಲಿ ಇಳಿದು ಹತ್ತುವಾಗಲೂ ಅದನ್ನೇ ಅಂದುಕೊಂಡರು. ಕಲ್ಲುಗಳ ಮೇಲೆ ಸಂಘದವರು ಬಳಿದ ಬಿಳಿ ಗುರುತುಗಳು ಒಂದಾದ ಮೇಲೊಂದು ಬರುತ್ತಿದ್ದವು. ಇಷ್ಟು ದೂರದೂರ ಬಳಿದ ಪುಣ್ಯಾತ್ಮ ಯಾರು ಎಂದು ಬೈದುಕೊಂಡರು. ಮುದುಕರಿಗೆ ಕುಳಿತುಕೊಳ್ಳಲು ಒಂದು ಬೆಂಚಾದರೂ ಬೇಡವೇ? ದಾರಿಯ ಮೇಲೆ ಬೆಂಚು ಕೂಡದು, ನೈಸರ್ಗಿಕತೆ ಕೆಡುತ್ತದೆ ಎಂದು ತೀರ್ಮಾನ ಮಾಡಿಸಿದವರು ತಾವೇ ಎಂಬುದು ಮೂರನೆಯ ತಿರುವಿನಲ್ಲಿ, ಒದ್ದೆ ಕಲ್ಲಿನ ಮೇಲೆ ಕುಂಡೆಯೂರಿದ ಮೇಲೆ ನೆನಪಾಯಿತು. ಬೀಗಪ್ಪ ಇದ್ದಿದ್ದರೆ ಇದನ್ನು ವರ್ಷಗಟ್ಟಲೆ ಹೇಳಿ ನಗುತ್ತಿದ್ದ. ನಗುವವನು ಇಲ್ಲದಿದ್ದರೆ ಮನುಷ್ಯನ ಹುಚ್ಚಾಟಗಳು ಎಷ್ಟು ಅನಾಥವಾಗುತ್ತವೆ ಎಂದು ಅನ್ನಿಸಿ, ಒದ್ದೆಯಾದ ಪ್ಯಾಂಟಿನಲ್ಲೇ ಕುಳಿತು ಮತ್ತೊಮ್ಮೆ ಅತ್ತರು. ಈ ಸಲ ಅಳು ಮೊದಲು ಬಂತು.

ಗೇಟು ತೆರೆದಿತ್ತು. ಒಂದು ತಂತಿಯ ಕುಣಿಕೆಯಿಂದ ಗೂಟಕ್ಕೆ ಸಿಕ್ಕಿಸಿ ಬಿಟ್ಟಿದ್ದರು. ಅದರಾಚೆ ಹುಲ್ಲು, ಹುಲ್ಲಿನ ನಡುವೆ ಜನರ ಕಾಲಿನಿಂದ ಸವೆದ ಮಣ್ಣಿನ ಗೆರೆ, ಅದು ಕಣಿವೆಯ ಕಡೆಗೆ ಏರಿಹೋಗಿತ್ತು. ಅಷ್ಟು ಚೆಂದವಾಗಿ ಅದು ಅವರಿಗೆ ಎಂದೂ ಕಂಡಿರಲಿಲ್ಲ. ಸಂಜೆಯವರೆಗೆ ಇಲ್ಲೇ ನಿಂತರೆ ಸಾಕು, ಅದು ಕಣ್ಣೆದುರಿಗೇ ಶಾಶ್ವತವಾಗಿಬಿಡುತ್ತದೆ. ಕುಣಿಕೆಗೆ ಕೈ ಹಾಕಿದ್ದು ಯಾವಾಗ ಎಂದು ಅವರಿಗೆ ತಿಳಿಯಲಿಲ್ಲ. ಅದು ಧರ್ಮಬುದ್ಧಿಯೆಂದು ಆಮೇಲೆ ಹೇಳಿಕೊಳ್ಳಬಹುದಿತ್ತು. ಆದರೆ ಆ ಹೊತ್ತಿಗೆ ಆದದ್ದು ಬೇರೆ. ಗೇಟು ತೆರೆದಿದ್ದರೆ ಬೀಗಪ್ಪ ಇಲ್ಲ ಎಂದು ಊರಿಗೆಲ್ಲ ಗೊತ್ತಾದ ಹಾಗಿತ್ತು. ಅದೊಂದನ್ನು ನೋಡಲಾಗಲಿಲ್ಲ. ಎಳೆದರು. ಅದು ಬರಲಿಲ್ಲ. ಎತ್ತಿ ಎಳೆದಾಗ ಕಿರುಗುಟ್ಟಿ ಬಂದು ಮಂಡಿಗೇ ಬಡಿಯಿತು. ಮುಚ್ಚಿದರೆ ನಿಲ್ಲುತ್ತಿರಲಿಲ್ಲ, ಕೈ ಬಿಟ್ಟೊಡನೆ ತಾನೇ ತೆರೆದುಕೊಳ್ಳುತ್ತಿತ್ತು. ಸರಪಣಿ, ಬೀಗ, ಕೀಲಿ ಎಲ್ಲವೂ ಯಾವಾಗಲೂ ಅವನ ಜೇಬಿನಿಂದ ಬರುತ್ತಿದ್ದವು. ಬೇರೆ ದಾರಿಯಿಲ್ಲದೆ ಅಧ್ಯಕ್ಷರು ಒಳಗಡೆ ನಿಂತು ಗೇಟಿಗೆ ಬೆನ್ನು ಕೊಟ್ಟು, ಕಾಲನ್ನು ಕಲ್ಲಿಗೆ ಒತ್ತಿ, ತಾವೇ ಬೀಗವಾದರು.

ಹೀಗೆ ನಿಂತಿದ್ದಾಗ ಬೆನ್ನ ಹಿಂದೆ, ಗೇಟಿನ ಹೊರಗೆ, ದಾರಿ ನಡೆಯುವವರಿಬ್ಬರು ಬಂದರು, ಒಬ್ಬಳು ಯುವತಿ, ಅವಳ ಗಂಡನೋ ಗೆಳೆಯನೋ ಒಬ್ಬ. ಬೆನ್ನ ಮೇಲೆ ದೊಡ್ಡ ಚೀಲಗಳು, ಬಿಸಿಲಿಗೆ ಮೂಗಿನ ಚರ್ಮ ಸುಲಿದಿತ್ತು, ತುಂಬ ದೂರದಿಂದ ನಡೆದು ಬಂದವರೆಂದು ನೋಡಿದರೆ ತಿಳಿಯುತ್ತಿತ್ತು. ಇವತ್ತು ದಾರಿ ಇಲ್ಲ, ಸಂಜೆ ಬನ್ನಿ ಎಂದು ಅಧ್ಯಕ್ಷರು ಕತ್ತು ತಿರುಗಿಸಿ ಹೇಳಿದರು. ಯಾಕೆ ಎಂದು ಕೇಳಿದರು. ಮುಚ್ಚಿದೆ ಎಂದರು. ಮುಚ್ಚಿರೋದು ನೀವೇ ಅಲ್ವಾ ಎಂದ ಅವನು. ಹೌದೆಂದರು. ಜಮೀನು ನಿಮ್ಮದಾ ಎಂದಳು ಅವಳು. ಅಲ್ಲವೆಂದರು. ವಾದದಲ್ಲಿ ಇಷ್ಟು ಬೇಗ ಸೋತದ್ದು ಅವರ ಸಾರ್ವಜನಿಕ ಜೀವನದಲ್ಲಿ ಇದೇ ಮೊದಲು. ಯುವತಿ ಚೀಲ ಇಳಿಸಿ ಸೊಂಟಕ್ಕೆ ಕೈಯಿಟ್ಟಳು.

‘ತಾತ, ಈ ದಾರಿ ಉಳಿಸೋಕೆ ಯಾರ್ಯಾರು ಎಷ್ಟು ಒದ್ದಾಡಿದಾರೆ ಗೊತ್ತಾ ನಿಮ್ಗೆ? ಒಬ್ಬರು ಹಿರಿಯರು ಜೀವಮಾನಾನೇ ತೇಯ್ದಿದಾರೆ.’

ಯಾರವರು ಎಂದು ಕೇಳದಿರಲು ಅಧ್ಯಕ್ಷರಿಂದಾಗಲಿಲ್ಲ.

‘ಯಾರೋ ಅಧ್ಯಕ್ಷರು. ಪಾಪ, ಈಗ ಇದಾರೋ ಇಲ್ವೋ. ಅಂಥೋರ ಹೊಟ್ಟೆ ಉರಿಸೋಕೇ ನಿಮ್ಮಂಥೋರು ಇರ್ತೀರಿ.’

ಆಗಬೇಕಾದದ್ದೇ ಆಯಿತು ಎಂದುಕೊಂಡರು ಅಧ್ಯಕ್ಷರು. ಮುಂದಿನ ಪೀಳಿಗೆ ಕಡೆಗೂ ಎದುರಿಗೆ ಬಂದು ನಿಂತಿತ್ತು. ಹಾಡುತ್ತಿರಲಿಲ್ಲ, ಕೈಬೀಸುತ್ತಲೂ ಇರಲಿಲ್ಲ, ಫೋನು ತೆಗೆದು ಅವರ ಫೋಟೋ ಹಿಡಿಯುತ್ತಿತ್ತು. ಎಲ್ಲರಿಗೂ ಕಳಿಸುತ್ತೇವೆ, ಸಂಘದವರಿಗೂ ಕಳಿಸುತ್ತೇವೆ ಎಂದರು. ವಕೀಲರು ಅದನ್ನು ನೋಡುವಾಗಿನ ಮುಖ ಕಣ್ಣಿಗೆ ಕಟ್ಟಿತು. ಅಷ್ಟರ ನಡುವೆಯೂ ತಾವು ಕಾಲರು ಸರಿಮಾಡಿಕೊಂಡದ್ದು ಅವರಿಗೆ ತಿಳಿಯಿತು. ಆಮೇಲೆ ಆ ಇಬ್ಬರೂ ಸುಸ್ತಾಗಿ ಗೇಟಿನಾಚೆ ಹುಲ್ಲಿನ ಮೇಲೆ ಕುಳಿತು ತಿನ್ನತೊಡಗಿದರು. ಅಧ್ಯಕ್ಷರಿಗೂ ಹಸಿವಾಗಿತ್ತು. ರೊಟ್ಟಿ ಚೀಲದಲ್ಲಿತ್ತು, ಚೀಲ ಕೈಗೆಟುಕದಷ್ಟು ದೂರದಲ್ಲಿತ್ತು. ಬೀಗವಾದವರು ಜಾಗ ಬಿಟ್ಟು ಕದಲುವಂತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಯುವತಿಯೇ ಎದ್ದು, ಸಿಟ್ಟು ಇಳಿಯದ ಮುಖದಲ್ಲೇ, ಸರಳುಗಳ ನಡುವಿನಿಂದ ಒಂದು ಸೇಬು ಕೊಟ್ಟಳು.

ಬಿಸಿಲು ಇಳಿಯುತ್ತಿದ್ದಾಗ ಮೇಲಿನ ಮನೆಯ ಕಡೆಯಿಂದ ಬೀಗಪ್ಪನ ಮಗಳು ಬಂದಳು. ಅಪ್ಪನ ಹಳೆಯ ಕೋಟು ಹಾಕಿಕೊಂಡಿದ್ದಳು, ತೋಳು ಮಡಚಿತ್ತು. ಬಹಳ ಹೊತ್ತಿನಿಂದ ಯಾರೋ ಗೇಟಿಗೆ ಒರಗಿದ್ದಾರೆ, ಕುಡಿದವರೇನೋ ಎಂದುಕೊಂಡೆ ಎಂದಳು. ಏನು ಮಾಡ್ತಿದೀರಿ ಮಾವ ಎಂದು ಕೇಳಿದಳು. ಅವರು ಹೇಳಿದರು. ಕನ್ನಡಿ ಇರಲಿಲ್ಲ, ತಯಾರಿಯೂ ಇರಲಿಲ್ಲ. ಕಾನೂನು, ಕಡೆಯ ದಿನ, ಕುರಿಗಳಿಗೆ ಕೇಳಿಸುವ ಹಾಗೆ ಹೇಳಬೇಕಾಗಿದ್ದದ್ದು, ಸುಮ್ಮನಿರಿ ಎಂದು ಸಂಘದಲ್ಲಿ ಹೇಳಿದ್ದು, ಎಲ್ಲ ಹಿಂದುಮುಂದಾಗಿ ಬಂತು. ಅವಳು ಅರ್ಧಕ್ಕೆ ತಡೆಯದೆ ಕೇಳಿಸಿಕೊಂಡಳು.

‘ಅಪ್ಪ ಇದನ್ನ ನಂಗೆ ಹೇಳೇ ಇಲ್ಲ.’

‘ಅವನಿಗೂ ಗೊತ್ತಿರಲಿಲ್ಲವಲ್ಲಮ್ಮ, ಇಷ್ಟು ಬೇಗ...’

‘ಇವತ್ತು ಕಳೆದ್ರೆ ದಾರಿ ನಿಮ್ದಾಗ್ತಿತ್ತು.’

‘ಆಗ್ತಿತ್ತು.’

‘ಮತ್ತೆ ಯಾಕೆ ಮುಚ್ಚಿದ್ರಿ?’

‘ಅವನು ಕೊಡ್ತಿದ್ದ, ನಾನು ಇಸ್ಕೊಳ್ತಿದ್ದೆ. ಅವನಿಲ್ದಾಗ ಹೇಗಮ್ಮ ತಗೊಳ್ಲಿ?’

ಅವಳು ಬಗ್ಗಿ ಒಂದು ಹುಲ್ಲುಕಡ್ಡಿ ಕಿತ್ತು ಸೀಳಿದಳು. ನೀವು ಮುಚ್ಚಿದರೆ ಲೆಕ್ಕಕ್ಕೆ ಬರುತ್ತಾ ಎಂದು ಕೇಳಿದಳು. ಅಧ್ಯಕ್ಷರಿಗೆ ಆಗ ನೆನಪಾಯಿತು. ಬರುವುದಿಲ್ಲ. ಮಾಲೀಕರೇ ಮುಚ್ಚಬೇಕು, ಇಲ್ಲವೆ ಅವರು ಹೇಳಿ ಮುಚ್ಚಿಸಬೇಕು. ಕಾನೂನಿನ ಈ ಸಾಲನ್ನು ಅವರು ಎಷ್ಟೋ ಕಿರುಹೊತ್ತಗೆಗಳಲ್ಲಿ ತಾವೇ ಅಚ್ಚು ಹಾಕಿಸಿದ್ದರು. ಅಷ್ಟು ಹೊತ್ತು ಬೆನ್ನು ಮುರಿದುಕೊಂಡು, ಬೈಸಿಕೊಂಡು, ಫೋಟೋ ಹಿಡಿಸಿಕೊಂಡು ಅವರು ಮುಚ್ಚಿದ್ದದ್ದು ಯಾವ ಗೇಟನ್ನೂ ಅಲ್ಲ. ದ್ರೋಹ ಮಾಡಲು ಹೊರಟವರಿಗೆ ಅದೂ ಸರಿಯಾಗಿ ಬಂದಿರಲಿಲ್ಲ. ನಗು ಬಂತು, ನಕ್ಕರೆ ಕಾಲು ಜಾರುತ್ತದೆಂದು ತಡೆದುಕೊಂಡರು. ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬಹುದಿತ್ತು, ಇನ್ನೂ ಕೊಂಚ ಬೆಳಕಿತ್ತು. ಇಲ್ಲಮ್ಮ, ಲೆಕ್ಕಕ್ಕಿಲ್ಲ, ನೀನೇ ಮುಚ್ಚಬೇಕು, ಕತ್ತಲಾಗುವುದರೊಳಗೆ, ಎಂದರು.

ಅವಳು ಕೋಟಿನ ಜೇಬುಗಳಲ್ಲಿ ಹುಡುಕಿದಳು. ಒಂದರಲ್ಲಿ ಸರಪಣಿ, ಇನ್ನೊಂದರಲ್ಲಿ ಕೀಲಿಯ ಸಮೇತ ಬೀಗ. ‘ಹಾಗಾದ್ರೆ ನೀವು ಈ ಕಡೆ ಯಾಕಿದೀರಿ ಮಾವ? ಆ ಕಡೆ ಹೋಗಿ’ ಎಂದಳು. ಅವರು ಕುಂಟುತ್ತ ಹೊರಗೆ ಹೋಗಿ, ಬಾಯಿ ಕಳೆದುಕೊಂಡು ನೋಡುತ್ತಿದ್ದ ಆ ಇಬ್ಬರ ಪಕ್ಕದಲ್ಲಿ ನಿಂತರು. ಅವಳು ಸರಪಣಿ ಸುತ್ತಿ ಬೀಗ ಹಾಕಿದಳು. ಬಸ್ಸಿನ ಸ್ಟಿಯರಿಂಗು ಹಿಡಿದವಳ ಹಾಗೆ ಎರಡೂ ಕೈಗಳನ್ನು ಸರಳಿನ ಮೇಲಿಟ್ಟು ನಿಂತಳು. ಬೆಳಕು ಹುಲ್ಲಿನಿಂದ ಮೇಲಕ್ಕೆದ್ದು ಬೆಟ್ಟದ ನೆತ್ತಿಗೆ ಹೋಯಿತು. ಕೇಳಬೇಕಾದವರು ತಾವೇ ಎಂದು ಅಧ್ಯಕ್ಷರಿಗೆ ಕಡೆಗೂ ಹೊಳೆಯಿತು. ದಾರಿ ಬೇಕಾಗಿತ್ತಮ್ಮ ಎಂದರು. ಯಾರ ದಾರಿ ಎಂದು ಅವಳು ಕೇಳಲಿಲ್ಲ.

‘ಇಟ್ಕೊಳ್ತೀನೋ ಮಾರ್ತೀನೋ ನಂಗೇ ಗೊತ್ತಿಲ್ಲ. ಈ ವರ್ಷ ನಡೀರಿ. ಮುಂದಿನ ವರ್ಷದ್ದು ಈಗ ಕೇಳ್ಬೇಡಿ’ ಎಂದಳು.

ಬೀಗ ತೆಗೆದಳು. ನಡೆಯುವವರಿಬ್ಬರೂ ಚೀಲ ಹೊತ್ತು ಗೇಟು ದಾಟಿ, ಕಣಿವೆಯ ಕಡೆಗೆ ಏರತೊಡಗಿದರು. ಒಂದು ವರ್ಷ. ಎಂದೆಂದಿಗೂ ಎಂದು ಕೈಯೆತ್ತಿ ಕೂಗುತ್ತಿದ್ದವರಿಗೆ ಸಿಕ್ಕಿದ್ದು ಒಂದು ವರ್ಷ, ಅದನ್ನೂ ಒಬ್ಬ ಹೆಂಗಸು ಮನಸ್ಸು ಮಾಡಿ ಕೊಟ್ಟಿದ್ದಳು. ಸಮಿತಿಗೆ ಏನು ಹೇಳುವುದೋ, ಹೇಳಿದ ಮೇಲೆ ಅಧ್ಯಕ್ಷರಾಗಿ ಉಳಿಯುವುದೋ ಇಲ್ಲವೋ, ಅದು ನಾಳೆಯ ಮಾತು. ಅವಳು ಇನ್ನೂ ಅಲ್ಲೇ ನಿಂತಿದ್ದಳು. ‘ನಂಗೆ ಪ್ರಾರ್ಥನೆ ಗೀರ್ಥನೆ ಬರೋಲ್ಲ ಮಾವ. ಅಪ್ಪನಿಗೋಸ್ಕರ ನೀವೇ ಏನಾದ್ರೂ ಹೇಳಿ’ ಎಂದಳು. ಅವರು ಟೋಪಿ ತೆಗೆದರು. ದೊಡ್ಡ ದೊಡ್ಡ ಮಾತುಗಳು ಸಾಲುಗಟ್ಟಿ ಬಂದವು. ಒಂದೊಂದನ್ನೂ ನುಂಗಿಕೊಂಡರು. ಉಳಿದದ್ದು ಸ್ವಲ್ಪವೇ. ಸ್ವಾಮಿ, ಇವನು ನಿನ್ನ ಹತ್ತಿರ ಬಂದಿದ್ದಾನೆ. ತಡಮಾಡದೆ ಒಳಗೆ ಕರೆದುಕೊ. ಚಳಿಯಲ್ಲಿ, ಗಾಳಿಯಲ್ಲಿ ಬಹಳ ವರ್ಷ ನಿಂತವನು, ಕುಳಿತುಕೊಳ್ಳಲು ಒಂದು ಬೆಚ್ಚಗಿನ ಜಾಗ ಕೊಡು. ಅವನು ನಗುತ್ತಿದ್ದ, ಅವನ ನಗುವನ್ನು ಅವನಿಗೇ ಬಿಟ್ಟುಕೊಡು. ಅವನ ಮಗಳನ್ನು ಕಾಪಾಡು. ನನ್ನ ಗೆಳೆಯನ ಆತ್ಮಕ್ಕೆ ಶಾಂತಿ ಕೊಡು, ಸ್ವಾಮಿ, ಶಾಂತಿ ಕೊಡು.